ಒಂದು ಮಳೆ ಆಗಲಿ

ನಾನು ರಸ್ತೆ ಕಟ್ಟುವ ಇಂಜಿನಿಯರ್ ಎಂದು ನೆಂಟರಿಷ್ಟರು ತಿಳಿದುಕೊಂಡಿದ್ದಾರೆ. ನಾನೂ ಅದನ್ನು ತಿದ್ದಲು ಹೋಗಿಲ್ಲ. ನಿಜ ಹೇಳಬೇಕೆಂದರೆ ನನ್ನ ಅರ್ಧ ನೌಕರಿ ಬೇರೆಯವರು ತೋಡಿದ ತಗ್ಗುಗಳನ್ನು ಬಗ್ಗಿ ನೋಡುವುದರಲ್ಲೇ ಕಳೆದಿದೆ. ರಸ್ತೆಯ ಪಕ್ಕದಲ್ಲಿ ಕೇಬಲ್ ಎಳೆಯುವವರು, ನೀರಿನ ಪೈಪು ಹೂಳುವವರು, ಹೊಸ ಪೆಟ್ರೋಲ್ ಬಂಕಿಗೆ ದಾರಿ ಮಾಡಿಕೊಳ್ಳುವವರು, ಎಲ್ಲರೂ ನಮ್ಮ ಕಚೇರಿಯಿಂದ ಅನುಮತಿ ಪತ್ರ ಪಡೆಯಬೇಕು. ಡಾಂಬರಿನ ಅಂಚಿನಿಂದ ಎಷ್ಟು ದೂರ, ಎಷ್ಟು ಆಳ, ಮುಚ್ಚುವಾಗ ಯಾವ ಮಣ್ಣು, ಕೆಂಪು ರಿಬ್ಬನ್ ಕಟ್ಟಿದ ಗೂಟ ಎಲ್ಲೆಲ್ಲಿ ಎಂಬುದೆಲ್ಲ ಆ ಪತ್ರದ ಷರತ್ತುಗಳಲ್ಲಿ ಇರುತ್ತದೆ. ಪತ್ರ ಕೈಗೆ ಬಂದ ಮೇಲೆ ಅದನ್ನು ಯಾರೂ ಓದುವುದಿಲ್ಲ. ಓದುವವನು ನಾನೊಬ್ಬನೇ. ಹಾಗಾಗಿ ನನ್ನ ಜೀಪು ಕಂಡರೆ ಗುತ್ತಿಗೆದಾರರ ಮುಖ ಹುಳ್ಳಗಾಗುತ್ತದೆ.

ಈಗ ದೇವದುರ್ಗದಲ್ಲಿದ್ದೇನೆ. ಅದಕ್ಕೂ ಮೊದಲು ಕೆಲವು ವರ್ಷ ಮಾನ್ವಿಯಲ್ಲಿದ್ದೆ. ಅಲ್ಲಿ ನನಗೆ ‘ಹಾರಿ ಸಾಹೇಬ’ ಎಂಬ ಅಡ್ಡಹೆಸರು ಬಿದ್ದಿತ್ತು. ಜೀಪಿನ ಹಿಂದಿನ ಸೀಟಿನ ಕೆಳಗೆ ಒಂದು ಕಬ್ಬಿಣದ ಹಾರೆ, ಅಲ್ಲಿಯವರ ಬಾಯಲ್ಲಿ ಹಾರಿ, ಸದಾ ಇರುತ್ತಿತ್ತು. ಮುಚ್ಚಿದ ತಗ್ಗಿನ ಮೇಲೆ ಅದನ್ನು ಎದೆಮಟ್ಟಕ್ಕೆ ಎತ್ತಿ ಬಿಡುತ್ತಿದ್ದೆ. ಮಣ್ಣು ಗಟ್ಟಿಯಾಗಿ ಕೂತಿದ್ದರೆ ಹಾರೆ ಠಣ್ಣೆಂದು ಪುಟಿದು ಅಂಗೈ ಜುಮ್ಮೆನ್ನುತ್ತದೆ. ಪೊಳ್ಳಾಗಿದ್ದರೆ ಸದ್ದಿಲ್ಲದೆ ಗೇಣುದ್ದ ಇಳಿದುಬಿಡುತ್ತದೆ. ಪ್ರಯೋಗಾಲಯದ ಪರೀಕ್ಷೆಗಳು ಬೇರೆ ಇವೆ, ಅವನ್ನೂ ಮಾಡಿಸುತ್ತೇವೆ. ಆದರೆ ಅಲ್ಲಿಂದ ಕಾಗದ ಬರುವಷ್ಟರಲ್ಲಿ ಹಾರೆ ಹೇಳುವುದನ್ನು ಹೇಳಿ ಆಗಿರುತ್ತದೆ. ಈ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬಿದ್ದವನಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ಕಚೇರಿಯವರು ಹೇಳುತ್ತಾರೆ, ಅದೂ ಸುಳ್ಳಲ್ಲ.

ಇಂಥ ನಾನು ಒಂದು ಬೇಸಿಗೆಯಲ್ಲಿ, ಚೀಕಲಪರ್ವಿ ರಸ್ತೆಯ ಒಂದು ಕೆಲಸಕ್ಕೆ, ಮಣ್ಣು ಗಟ್ಟಿಯಾಗಿದೆ ಎಂದು ಹಾರೆ ಹೇಳಿದ ಮೇಲೂ ಸಹಿ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ. ಸಹಿ ಬಿದ್ದರೆ ಒಬ್ಬರು ಮಾನ್ವಿ ಬಿಟ್ಟು ಹೋಗುತ್ತಿದ್ದರು. ಅವರಿಗೆ ಹೋಗಲೇಬೇಕಾಗಿತ್ತು. ನನಗೆ ಅವರು ಹೋಗಬಾರದಾಗಿತ್ತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಮೊದಲ ಸಲ ನೋಡಿದಾಗ ಅವರು ತಗ್ಗಿನೊಳಗೆ ನಿಂತಿದ್ದರು. ಅವರು ನೀರಿನ ಇಲಾಖೆಯ ಇಂಜಿನಿಯರ್. ಚೀಕಲಪರ್ವಿ ಹತ್ತಿರ ಹೊಳೆಯಿಂದ ನೀರೆತ್ತಿ ಕೆಲವು ಹಳ್ಳಿಗಳಿಗೆ ಕೊಡುವ ಪೈಪು ನಮ್ಮ ರಸ್ತೆಯ ಪಕ್ಕದಲ್ಲೇ ಮೂರು ಕಿಲೋಮೀಟರ್ ಹಾಯಬೇಕಿತ್ತು, ಅದರ ಹೊಣೆ ಅವರದು. ರಸ್ತೆಯ ಹೊಣೆ ನನ್ನದು. ಅಂದರೆ ಕಾನೂನಿನ ಪ್ರಕಾರವೇ ನಾವಿಬ್ಬರೂ ಜಗಳಗಂಟರು. ನಾನು ಮೇಲೆ ನಿಂತು, “ಪೈಪಿನ ಮ್ಯಾಲ ಮಣ್ಣು ಎಷ್ಟು ಬರ್ತದ ಮೇಡಂ?” ಎಂದೆ. ಅವರು ಪೈಪಿನ ಮೇಲೆ ನಿಂತಿದ್ದವರು ತಲೆ ಎತ್ತದೆಯೇ, “ಇದರ ಮ್ಯಾಲ ನಿಂತಾಗ ನೆಲ ನನ್ನ ಸೊಂಟಕ್ಕಿಂತ ನಾಕು ಬೆರಳು ಮ್ಯಾಲ ಬಂತಂದ್ರ ಒಂದು ಮೀಟರ್ ರೀ. ಅಳದು ಇಟ್ಕೊಂಡೀನಿ” ಎಂದರು.

ಇಲಾಖೆಯ ಇಂಜಿನಿಯರ್ ಹೀಗೆ ಸೊಂಟದಲ್ಲಿ ಅಳತೆ ಮಾಡುವುದೆಂದರೆ ನನಗೆ ರೇಗಿಹೋಯಿತು. ಟೇಪು ಬಿಟ್ಟೆ. ಒಂದು ಮೀಟರಿನ ಮೇಲೆ ಎರಡು ಸೆಂಟಿಮೀಟರ್ ಬಂತು. ಮುಂದೆ ನೂರು ಹೆಜ್ಜೆ ನಡೆದು ಅವರನ್ನು ಮತ್ತೆ ಇಳಿಸಿದೆ. ಅಲ್ಲೂ ಅಷ್ಟೇ. ಅವರು ದುಪ್ಪಟ್ಟಾದಿಂದ ಮುಖದ ಧೂಳು ಒರೆಸಿಕೊಂಡು, “ಟೇಪು ಉದ್ದ ಆದ್ರೂ ಆದೀತು ಸರ್, ನನ್ನ ಕಾಲು ಉದ್ದ ಆಗಂಗಿಲ್ಲ” ಎಂದರು. ನಾನು ನಗಬಾರದೆಂದು ಡೈರಿ ತೆಗೆದು ಏನೋ ಬರೆಯತೊಡಗಿದೆ.

ಕೆಲಸ ಮುಗಿದ ಮೇಲೆ ಎರಡೂ ಇಲಾಖೆಯವರು ಕೂಡಿ ನೋಡಬೇಕು, ರಸ್ತೆಯ ಅಂಚು ಮೊದಲಿನಂತಾಗಿದೆ ಎಂದು ಇಬ್ಬರೂ ಸಹಿ ಹಾಕಬೇಕು. ಅದಕ್ಕೆ ಜಂಟಿ ತಪಾಸಣೆ ಎನ್ನುತ್ತೇವೆ. ನನ್ನ ಪಾಳಿ ಆ ರಸ್ತೆಗೆ ಗುರುವಾರ ಇರುತ್ತಿತ್ತು. ಯುಗಾದಿಗೆ ಇನ್ನೂ ತಿಂಗಳಿರುವಾಗ ಒಂದು ಗುರುವಾರ ನಾವು ಮೊದಲ ತಪಾಸಣೆಗೆ ನಿಂತೆವು. ಹಾರೆ ಬಿಟ್ಟೆ, ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಮಾನ್ವಿ ಸೀಮೆಯ ಎರೆಮಣ್ಣು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತಿರುವ ಅದೇ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆಮೇಲೆ ಕುಸಿಯುತ್ತದೆ. ಅದಕ್ಕೇ ತೋಡಿದ ಮಣ್ಣನ್ನು ಅಲ್ಲೇ ಮುಚ್ಚಬಾರದು, ಹೊರಗಿನಿಂದ ಗರಸು, ಅಂದರೆ ಹರಳುಗಲ್ಲು ಬೆರೆತ ಮಣ್ಣು, ತಂದು, ಪದರ ಪದರವಾಗಿ ನೀರು ಹೊಡೆದು, ಕುಟ್ಟಿ ಮುಚ್ಚಬೇಕು ಎಂಬ ಷರತ್ತು. ಅವರ ಗುತ್ತಿಗೆದಾರ ಮೇಲಷ್ಟೇ ಒಂದು ಗೇಣು ಗರಸು ಹರಡಿ ಒಳಗೆಲ್ಲ ಎರೆಮಣ್ಣನ್ನೇ ಕುಟ್ಟದೆ ತುಂಬಿದ್ದ. ನಾನು ರಸ್ತೆಯಲ್ಲೇ ನಿಂತು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, “ತಪ್ಪಾಗ್ಯಾದ್ರಿ. ತೆಗಸ್ತೀನಿ” ಎಂದರು. ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡ ಇಂಜಿನಿಯರನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ನನ್ನನ್ನೂ ಸೇರಿಸಿ. ಇನ್ನೂ ಉಳಿದಿದ್ದ ಬೈಗುಳಗಳನ್ನು ಏನು ಮಾಡಬೇಕೋ ತಿಳಿಯದೆ ಜೀಪು ಹತ್ತಿದೆ.

ಜೀಪಿನ ಕಿಟಕಿಯ ಬಳಿ ಬಂದು ಅವರು ಒಂದು ಮಾತು ಹೇಳಿದರು. ತಮಗೆ ರಾಯಚೂರಿಗೆ ವರ್ಗವಾಗಿದೆ, ಆದೇಶ ಬ್ಯಾಗಿನಲ್ಲೇ ಇದೆ, ಆದರೆ ಈ ಕೆಲಸ ಒಪ್ಪಿಸದೆ ಬಿಡುಗಡೆ ಮಾಡುವುದಿಲ್ಲ ಎಂದು ತಮ್ಮ ಮೇಲಧಿಕಾರಿ ಹೇಳಿದ್ದಾರೆ ಎಂದರು. “ನಿಮ್ಮ ಸಹಿ ಆದ ದಿನಾನೇ ನನ್ನ ಬಿಡ್ತಾರಂತ. ಅದಕ್ಕ ಒಂದಿಷ್ಟು ಲಗೂ ನೋಡ್ರಿ ಸರ್.” ಆಗಲಿ ಎಂದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಎರಡನೇ ತಪಾಸಣೆಗೆ ಹೋದಾಗ ಮಣ್ಣೆಲ್ಲ ತೆಗೆಸಿ ಗರಸು ತುಂಬಿಸಿದ್ದರು. ಒಂದು ಕಡೆ ಮಾತ್ರ, ಐವತ್ತು ಹೆಜ್ಜೆಯಷ್ಟು ಉದ್ದ, ಹಾರೆ ನಾಲ್ಕು ಬೆರಳು ಇಳಿಯಿತು. ತಕರಾರು ನಿಜವಾದದ್ದೇ. ಬಿಸಿಲು ಏರಿತ್ತು. ಹಾಕದೆ ಉಳಿದಿದ್ದ ಪೈಪಿನ ಮೇಲೆ, ಜಾಲಿಗಿಡದ ನೆರಳಿನಲ್ಲಿ ಕೂತು, ಅವರು ಡಬ್ಬಿ ಬಿಚ್ಚಿ ನನಗೂ ಡ್ರೈವರಿಗೂ ಒಂದೊಂದು ಜೋಳದ ರೊಟ್ಟಿ, ಮೇಲೆ ಗುರೆಳ್ಳಿನ ಪುಡಿ, ಮೊಸರು ಕೊಟ್ಟರು. ಊಟ ಮಾಡುತ್ತ ಮನೆಯ ಸುದ್ದಿ ಹೇಳಿದರು. ರಾಯಚೂರಿನಲ್ಲಿ ತಂದೆ ಮತ್ತು ಸೋದರತ್ತೆ ಇದ್ದಾರೆ. ತಂದೆ ಬಸ್ ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಬರೆದುಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಚೆಗೆ ಅವರಿಗೆ ಮರೆವು.

“ಮೊನ್ನೆ ಚಸ್ಮಾ ಕಾಣವಲ್ದು ಅಂತ ಮನಿ ಎಲ್ಲಾ ಹುಡುಕ್ಯಾರ. ಕಡಿಗಿ ನಮ್ಮತ್ತಿಗೆ ಅಕ್ಕಿ ಡಬ್ಬಿಯಾಗ ಸಿಕ್ತು. ಅಕ್ಕಿ ಆರಿಸಾಕ ಇಟ್ಟಿದ್ದೆ ಅಂದ್ರಂತ” ಎಂದು ಅವರು ನಕ್ಕರು. ಡ್ರೈವರ್ ನಕ್ಕ. ನಾನೂ ನಕ್ಕೆ.

ನಕ್ಕು ಮುಗಿದ ಮೇಲೆ ಅವರು ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದರು. “ಮುಂಜಾನೆ ಒಂದೆರಡು ತಾಸು ಅವರ ತಲಿ ತಿಳಿ ಇರ್ತದ್ರಿ. ಹಳೇದೆಲ್ಲಾ ಮಾತಾಡ್ತಾರ, ನನ್ನ ಸಾಲಿ ಸುದ್ದಿ, ನಮ್ಮವ್ವನ ಸುದ್ದಿ. ಆ ಹೊತ್ತಿನಾಗ ನಾನು ಇಲ್ಲಿ ಪಂಪ್‌ಹೌಸಿನಾಗ ಇರ್ತೀನಿ. ಆ ಮುಂಜಾನೆ ಇನ್ನ ಎಷ್ಟು ದಿನ ಉಳದಾವೋ ಡಾಕ್ಟರಿಗೂ ಗೊತ್ತಿಲ್ಲ. ಅದಕ್ಕ ವರ್ಗ ಕೇಳಿದ್ದು.”

ಮಾನ್ವಿಯಿಂದ ರಾಯಚೂರು ಒಂದು ತಾಸಿನ ದಾರಿ, ದಿನಾ ಓಡಾಡಬಹುದಲ್ಲ ಎಂದು ಕೇಳುವವರಿಗೆ ಬೇಸಿಗೆಯಲ್ಲಿ ನೀರಿನ ಇಲಾಖೆಯ ಪಾಡು ಗೊತ್ತಿಲ್ಲ. ಎಲ್ಲೋ ಒಂದು ಮೋಟಾರು ಸುಟ್ಟಿತೆಂದರೆ ಬೆಳಗಿನ ಐದಕ್ಕೇ ಫೋನು. ಮಳೆ ಹಿಡಿಯುವವರೆಗೆ ಯಾರೂ ರಜೆ ಹಾಕಿ ಊರು ಬಿಡಬಾರದೆಂದು ಆದೇಶ. ಭಾನುವಾರವೂ ಅವರಿಗೆ ಭಾನುವಾರವಲ್ಲ. ತಂದೆಯೊಂದಿಗೆ ಅವರ ಮಾತೆಲ್ಲ ಫೋನಿನಲ್ಲೇ.

ಇದನ್ನೆಲ್ಲ ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು, ವಯಸ್ಸಾದವರಿಗೆ ಮರೆವು ಸಹಜ, ನನ್ನ ಅಜ್ಜನೂ ಹಾಗೇ ಇದ್ದ ಎಂದು ಒಳಗೊಳಗೇ ಸಮಾಧಾನ ಹೇಳಿಕೊಂಡೆ. ಸಂಜೆ ಕಚೇರಿಗೆ ಬಂದು ತಪಾಸಣೆಯ ಟಿಪ್ಪಣಿ ಬರೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ಮುಂದಿನ ಗುರುವಾರ ಆ ಐವತ್ತು ಹೆಜ್ಜೆ ಸರಿಯಾಗಿದ್ದರೆ ಅದೇ ಕೊನೆಯ ತಪಾಸಣೆ. ಅಲ್ಲಿಂದಾಚೆಗೆ ಅವರನ್ನು ನೋಡಲು ನನಗೆ ಯಾವ ಕಾರಣವೂ ಇಲ್ಲ. ಪೆನ್ನು ಕೆಳಗಿಟ್ಟೆ. ಮದುವೆಯಿಲ್ಲದೆ ಮೂವತ್ತೈದು ದಾಟಿದ ಮೇಲೆ ಇಂಥದೊಂದು ಬಂದು ಕಾಡೀತೆಂದು ನಾನು ಎಣಿಸಿರಲಿಲ್ಲ.

ಮುಂದಿನ ಗುರುವಾರ ಜೀಪು ಚೀಕಲಪರ್ವಿ ರಸ್ತೆಗೆ ತಿರುಗುತ್ತಿದ್ದಂತೆ ಮುಂದೆ ಧೂಳೆದ್ದಿತ್ತು. ಡ್ರೈವರ್ ಬ್ರೇಕು ಹಾಕಿದ. ಇನ್ನೂರು ಕುರಿಗಳು ರಸ್ತೆಯ ಅಂಚಿನಲ್ಲಿ, ಸರಿಯಾಗಿ ಮುಚ್ಚಿದ ತಗ್ಗಿನ ಮೇಲೇ ಸಾಲು ಹಿಡಿದು ಬರುತ್ತಿದ್ದವು. ಕಂಬಳಿ ಹೊದ್ದ ಕುರುಬರ ಹಿರಿಯರೊಬ್ಬರು ಒಂದು ಮಗ್ಗುಲಲ್ಲಿ, ಮತ್ತೊಂದು ಮಗ್ಗುಲಲ್ಲಿ ಛತ್ರಿ ಹಿಡಿದು ಅವರು.

“ಏನ್ ಮೇಡಂ ಇದು?” ಎಂದೆ.

“ನಿಮ್ಮ ಪುಸ್ತಕದಾಗ ಕುರಿಕಾಲಿನ ರೋಲರ್ ಅಂತ ಬರ್ತದಲ್ರೀ ಸರ್? ಆ ರೋಲರ್ ಸಿಂಧನೂರಿಗೆ ಹೋಗ್ಯಾದ, ಎಂದ ಬರ್ತದೋ. ಅದಕ್ಕ ಖರೇ ಕುರಿನೇ ತಂದೀನಿ. ಮೂರು ದಿನ ಆತು, ಮುಂಜಾನಿ ಸಂಜಿ ತುಳಸಾಕತ್ತೀನಿ.”

ಕುರಿಯ ಗೊರಸಿನಂಥ ಗುಬುಟುಗಳಿಂದ ಮಣ್ಣು ಅದುಮುವ ರೋಲರಿಗೆ ಆ ಹೆಸರು. ಕುರಿಗಳಿಗೆ ಪೈಪಿನ ವಾಲ್ವಿನ ಹತ್ತಿರ ನೀರು ಕುಡಿಸಿಕೊಳ್ಳಬಹುದು, ಪ್ರತಿಯಾಗಿ ಅವು ತಗ್ಗಿನ ಮೇಲೆ ನಡೆಯಬೇಕು ಎಂದು ಅವರು ಆ ಹಿರಿಯರೊಂದಿಗೆ ಕರಾರು ಮಾಡಿಕೊಂಡಿದ್ದರು. ಹಿರಿಯರು ಕೋಲಿನಿಂದ ನೆಲ ಕುಟ್ಟಿ, “ನೋಡ್ರಿ ಸಾಹೇಬ್ರ, ಕಣದಂಗ ಆಗ್ಯಾದ” ಎಂದರು. ನಾನು ಹಾರೆ ಇಳಿಸಿದೆ. ಆ ಐವತ್ತು ಹೆಜ್ಜೆಯ ಉದ್ದಕ್ಕೂ, ಎಂಟು ಕಡೆ ಬಿಟ್ಟೆ. ಎಂಟೂ ಕಡೆ ಪುಟಿಯಿತು. ಅಂಗೈ ಕೆಂಪಾಯಿತು. ನನ್ನ ನೌಕರಿಯಲ್ಲಿ ಅಷ್ಟು ಗಟ್ಟಿಯಾದ ಅಂಚನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಅವರು ಬ್ಯಾಗಿನಿಂದ ವರದಿಯ ಕಾಗದ ತೆಗೆದು, ತಮ್ಮ ಸಹಿ ಆಗಲೇ ಹಾಕಿದ್ದನ್ನು ನನ್ನ ಮುಂದೆ ಹಿಡಿದರು. ಮುಖದಲ್ಲಿ ಗೆದ್ದ ಖುಷಿ. ನಾನು ಕಾಗದ ನೋಡಿದೆ, ಆಕಾಶ ನೋಡಿದೆ. ಬಾಯಿಂದ ಒಂದು ಮಾತು ಹೊರಗೆ ಬಂತು.

“ಎಲ್ಲಾ ಚೊಲೋ ಅದ ಮೇಡಂ. ಆದ್ರ ಎರಿ ಭೂಮಿ. ಒಂದು ಮಳಿ ಆಗಲಿ. ಮಳಿ ತಡಕೊಂಡಿದ್ದು ನೋಡಿ ಸಹಿ ಮಾಡೂಣು.”

ಷರತ್ತುಗಳಲ್ಲಿ ಹಾಗೇನೂ ಇಲ್ಲ. ಆದರೆ ನಮ್ಮ ಸೀಮೆಯಲ್ಲಿ ಹಳೆಯ ಇಂಜಿನಿಯರುಗಳು ಹೀಗೆ ಹೇಳುವ ವಾಡಿಕೆಯುಂಟು, ಎರೆಮಣ್ಣಿನ ಕೆಲಸವನ್ನು ಒಂದು ಮಳೆ ಕಾಣುವವರೆಗೆ ನಂಬಬಾರದೆಂದು. ಇದಕ್ಕೆ ಯಾರೂ ಎದುರು ಮಾತಾಡಲಾರರು. ಮಾತಾಡಿದರೆ ಅವರೇ ಬೇಜವಾಬ್ದಾರಿಗಳಾಗುತ್ತಾರೆ. ಅವರ ಕೈಯಲ್ಲಿದ್ದ ಕಾಗದ ಹಾಗೇ ನಿಂತಿತು. ಯುಗಾದಿ ಕಳೆದು ಇನ್ನೂ ಮೂರು ದಿನ. ಮಾನ್ವಿಯಲ್ಲಿ ಮಳೆಯೆಂಬುದು ಯಾವ ಕಾಲಕ್ಕೆ ಎಂದು ಇಬ್ಬರಿಗೂ ಗೊತ್ತಿತ್ತು.

“ಆಗ್ಲಿ ಸರ್” ಎಂದರು. ಅಷ್ಟೇ.

ಆಮೇಲೆ ಒಂದಾದ ಮೇಲೊಂದು ಗುರುವಾರಗಳು ಬಂದವು. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಇರಲಿಲ್ಲ. ಮಳೆ ಇಲ್ಲದಿದ್ದರೂ ‘ಸ್ಥಿತಿಗತಿ ನೋಡಲು’ ಎಂದು ಹೋಗುತ್ತಿದ್ದೆ. ಅವರೂ ಬರುತ್ತಿದ್ದರು. ಆ ಮೂರು ಕಿಲೋಮೀಟರನ್ನು ಮುಚ್ಚಿದ ತಗ್ಗಿನ ಅಂಚಿನಲ್ಲೇ ನಡೆಯುತ್ತಿದ್ದೆವು. ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಕೂಳೆ ಉಳಿದಿತ್ತು. ಹೊಳೆಯ ಕಡೆಯಿಂದ ಗಾಳಿ ಬಂದರೆ ಅವರು ಮಾತು ನಿಲ್ಲಿಸಿ ಅದು ದಾಟಿ ಹೋಗುವವರೆಗೆ ನಿಲ್ಲುತ್ತಿದ್ದರು. ಮಾತೆಲ್ಲ ಪೈಪು, ವಾಲ್ವು, ಸಿಮೆಂಟು. ಒಲವಿನ ಮಾತು ಒಂದೂ ಇಲ್ಲ. ಒಮ್ಮೆ ಅವರ ಚಪ್ಪಲಿಯ ಬಾರು ಕಿತ್ತು ಹೋಗಿ, ನಾನು ಅಳತೆಯ ಸುತಳಿಯಿಂದ ಅದನ್ನು ಕಟ್ಟಿಕೊಟ್ಟೆ. ಅದೊಂದೇ ನಾನು ಅವರಿಗಾಗಿ ಮಾಡಿದ ಕೆಲಸ.

ಡ್ರೈವರ್ ನನಗಿಂತ ಇಪ್ಪತ್ತು ವರ್ಷ ಹಿರಿಯ, ಯಾವುದನ್ನೂ ಮುಚ್ಚಿಟ್ಟು ಮಾತಾಡುವವನಲ್ಲ. ಒಂದು ದಿನ ಹಿಂತಿರುಗುವಾಗ ಕನ್ನಡಿಯಲ್ಲಿ ನನ್ನನ್ನು ನೋಡುತ್ತ, “ಸಾಹೇಬ್ರ, ಆ ಮಣ್ಣು ಇನ್ನ ಎಷ್ಟು ಸಲ ನೋಡ್ತೀರಿ? ಅದಕ್ಕೂ ನಾಚಿಕಿ ಬಂದಿರಬೇಕು” ಎಂದ.

“ಗಾಡಿ ನೋಡಿ ಹೊಡಿ” ಎಂದು ಗದರಿದೆ.

“ಗಾಡಿ ನೋಡೇ ಹೊಡ್ಯಾಕತ್ತೀನ್ರಿ. ಮೇಡಮ್ಮಿಗೆ ಹೇಳೂದು ಏನರ ಇದ್ರ ಹೇಳಿಬಿಡ್ರಿ. ಇಲ್ಲಾಂದ್ರ ಸಹಿ ಮಾಡಿ ಕೊಡ್ರಿ. ಎರಡೂ ಮಾಡಲಾರದ ಮಳಿ ಮ್ಯಾಲ ಹಾಕಬ್ಯಾಡ್ರಿ.”

 ಅವನು ಹೇಳಿದ್ದರಲ್ಲಿ ಒಂದಾದರೂ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ವೈಶಾಖದಲ್ಲಿ ಅಲ್ಲಲ್ಲಿ ಅಡ್ಡಮಳೆ ಬೀಳತೊಡಗಿತು. ಸಿರವಾರದಲ್ಲಿ ಒಂದು ಸಂಜೆ ಆಲಿಕಲ್ಲು ಬಿತ್ತು. ಮರುದಿನವೇ ಅವರ ಫೋನು. “ಸಿರವಾರದಾಗ ಆಗ್ಯಾದಂತ ಸರ್, ಬಾಗಲವಾಡದಾಗೂ ಆಗ್ಯಾದಂತ. ನಮ್ಮ ರಸ್ತಾದ ಮ್ಯಾಲ ಒಂದು ಹನಿ ಇಲ್ಲ.” ಅವರ ದನಿಯಲ್ಲಿ ನಿರಾಸೆ. ನನಗೆ ಒಳಗೊಳಗೇ ಹಾಯೆನಿಸಿತು. ಆ ವಾರ ಟ್ಯಾಂಕರಿನಿಂದ ನೀರು ಹೊಯ್ಸಿ ತೋರಿಸಲೇ ಎಂದು ಕೇಳಿದರು. ಟ್ಯಾಂಕರಿನ ನೀರು ಬೇರೆ, ಮಳೆಯ ನೀರು ಬೇರೆ ಎಂದೆ. ಓದಿ ಪದವಿ ಪಡೆದವನು ಹೇಳುವ ಮಾತೇ ಅದು! ಅವರು ವಾದಕ್ಕಿಳಿಯದೆ, “ಗುರುವಾರ ಬರ್ತೀರಲ್ಲ?” ಎಂದು ಕೇಳಿದರು. ಬರುತ್ತೇನೆ ಎಂದೆ.

ಆ ಗುರುವಾರ ನಡೆಯುತ್ತ ಅವರು ಹೇಳಿದರು, ಬೆಳಿಗ್ಗೆ ಫೋನಿನಲ್ಲಿ ತಂದೆ ತಮ್ಮನ್ನು ಅವ್ವನ ಹೆಸರಿನಿಂದ ಕರೆದರಂತೆ. ಆಮೇಲೆ ತಾವೇ ತಿದ್ದಿಕೊಂಡರಂತೆ. “ದನಿ ಇನ್ನೂ ಗುರುತು ಹಿಡೀತಾರ್ರಿ” ಎಂದರು. ಈ ಸಲ ನಗಲಿಲ್ಲ. ನನಗೆ ಅಂದು ಕಾಗದ ಕೇಳಿ ಸಹಿ ಮಾಡಿಬಿಡಬೇಕೆನಿಸಿತು. ಜೇಬಿನ ಪೆನ್ನನ್ನು ಮುಟ್ಟಿಯೂ ನೋಡಿಕೊಂಡೆ. ಮುಂದಿನ ಗುರುವಾರ ಖಂಡಿತ ಮಾಡುತ್ತೇನೆ, ಇನ್ನೊಂದೇ ಒಂದು ಗುರುವಾರ ಎಂದುಕೊಂಡೆ. ಅದರ ಮುಂದಿನ ಗುರುವಾರವೂ ಹಾಗೆಯೇ ಅಂದುಕೊಂಡೆ.

ರೋಹಿಣಿ ಮಳೆ ಹುಯ್ದದ್ದು ಒಂದು ಸೋಮವಾರ ಸಂಜೆ. ಮಂಗಳವಾರ ಬೆಳಿಗ್ಗೆ ಏಳಕ್ಕೇ ಅವರ ಫೋನು ಬಂತು. “ಮಳಿ ಆತು ಸರ್. ಬರ್ರಿ.” ಹೋದೆ. ಎರೆಹೊಲಗಳು ಕೆಸರಾಗಿದ್ದವು, ಚಪ್ಪಲಿಗೆ ಮೆತ್ತಿದ ಮಣ್ಣು ಸೇರು ಭಾರ. ರಸ್ತೆಯ ಅಂಚು ಮಾತ್ರ ಒಂದು ಕಡೆಯೂ ಕುಸಿದಿರಲಿಲ್ಲ. ಹಾರೆ ಇಳಿಸುವ ನಾಟಕವನ್ನೂ ಮಾಡದೆ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದೆ. ಏನಾದರೂ ಹೇಳಬೇಕಿತ್ತು. ಎ‌ಷ್ಟೋ ಗುರುವಾರಗಳಿಂದ ಕೂಡಿಟ್ಟ ಮಾತಿತ್ತು. “ಪೈಪಿನ ಕೆಲಸ ಚೊಲೋ ಆಗ್ಯಾದ ಮೇಡಂ” ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಇನ್ನೇನಾದರೂ ಹೇಳುತ್ತೇನೋ ಎಂದು ಕಾದರು. ಆಮೇಲೆ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಮಧ್ಯಾಹ್ನ ಬಿಡುಗಡೆಯಾಗಿ ಸಂಜೆಯ ಬಸ್ಸಿಗೆ ಹೋದರೆಂದು ಡ್ರೈವರ್ ಹೇಳಿದ.

ಮೂರು ವಾರ ತಡೆದುಕೊಂಡೆ. ನಾಲ್ಕನೆಯ ವಾರ ರಾಯಚೂರಿನಲ್ಲಿ ಒಂದು ಸಭೆ ಇತ್ತು. ಸಭೆ ಮುಗಿಸಿ, ಅವರಿಗೆ ಫೋನು ಮಾಡಿ, ಈ ಸಲ ಹೇಳಿಯೇ ಬಿಡಬೇಕೆಂದು ಮನೆಗೆ ಹೋದೆ. ಕೋಟೆಗೋಡೆಯ ಹಿಂದಿನ ಓಣಿಯಲ್ಲಿ ಬಾಡಿಗೆಯ ಮನೆ. ಅವರ ಸೋದರತ್ತೆ ಒಳಗೆ ಕರೆದು ಕೂರಿಸಿದರು. ನಡುಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರ ತಂದೆ ಇದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಗಡಿಯಾರ. ನೋಡಿದರೆ ಏನೂ ಆಗಿಲ್ಲದವರಂತೆ ಕಂಡರು.

“ಬರ್ರಿ, ಕುಂದರ್ರಿ. ಯಾ ಕಡಿಂದ ಬಂದ್ರಿ?” ಎಂದರು.

“ಮಾನ್ವಿಯಿಂದ್ರಿ ಯಪ್ಪಾ.”

ಅವರ ಮುಖ ಅರಳಿತು. “ಮಾನ್ವಿ ಏನ್ರಿ! ನಮ್ಮ ಮಗಳು ಅಲ್ಲೇ ಅದಾಳ. ಇಂಜಿನಿಯರ್.” ಅಷ್ಟರಲ್ಲಿ ಆ ಮಗಳೇ ಅಡುಗೆಮನೆಯಿಂದ ಚಹಾದ ತಟ್ಟೆ ಹಿಡಿದು ಬಂದರು. ನನ್ನನ್ನು ನೋಡಿ ನಕ್ಕರು. ಹಿರಿಯರು ಚಹಾ ತೆಗೆದುಕೊಂಡು, ಮಗಳತ್ತ ಸಂಕೋಚದಿಂದ ನೋಡಿ, “ನಿಮಗೂ ತ್ರಾಸು ಆತು ನೋಡ್ರಿ ಯವ್ವಾ. ನೀವೂ ಕುಂದರ್ರಿ” ಎಂದರು. ಮತ್ತೆ ನನ್ನ ಕಡೆ ತಿರುಗಿದರು.

“ಆಕಿ ಬರ್ತೀನಿ ಬರ್ತೀನಿ ಅಂತಾಳ್ರಿ, ಆದ್ರ ಬಿಡವಲ್ರು. ಅಲ್ಲೊಂದು ಮಳಿ ಆಗಬೇಕಂತ. ಆದ ಕೂಡ್ಲೇ ಬರ್ತಾಳಂತ. ನಾನು ದಿನಾ ಕಿಟಕ್ಯಾಗ ನೋಡಾಕತ್ತೀನಿ. ಮಾನ್ವಿ ಕಡಿ ಮಳಿ ಆಗ್ಯಾದೇನ್ರಿ?”

ಮಗಳು ಖಾಲಿ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಆ ಮನೆಯಲ್ಲಿ ಉತ್ತರ ಕೊಡಬೇಕಾದವನು ನಾನೊಬ್ಬನೇ ಆಗಿದ್ದೆ.

“ಆಗ್ಯಾದ್ರಿ” ಎಂದೆ.

“ಹಂಗಾದ್ರ ಎಂಟೂವರಿ ಗಾಡಿಗೆ ಬರ್ತಾಳ” ಎಂದು ಹಿರಿಯರು ಕೈಗಡಿಯಾರ ನೋಡಿಕೊಂಡರು.

ಚಹಾ ಹೇಗೆ ಕುಡಿದೆನೋ ತಿಳಿಯದು. ಎದ್ದೆ. ಮಗಳು ನನ್ನ ಜೊತೆ ಗೇಟಿನವರೆಗೆ ಬಂದರು. ಕೇಳದಿದ್ದರೂ ಅವರೇ ಹೇಳಿದರು: ಮಳೆಗೆ ಹನ್ನೆರಡು ದಿನ ಮುಂಚೆ ತಂದೆಗೆ ಜ್ವರ ಬಂದು ಮೂರು ದಿನ ಮಲಗಿದ್ದರಂತೆ. ಹೇಗೂ ಬರುತ್ತಾಳಲ್ಲ, ಯಾಕೆ ಹೆದರಿಸುವುದೆಂದು ಅತ್ತೆ ಫೋನಿನಲ್ಲಿ ಏನೋ ನೆಪ ಹೇಳಿ ಮುಚ್ಚಿಟ್ಟಿದ್ದರು. ಎದ್ದ ಮೇಲೆ ಅವರಿಗೆ ಬಸ್ಸುಗಳ ಹೊತ್ತು ಉಳಿದಿತ್ತು, ಮಗಳ ಸುದ್ದಿ ಉಳಿದಿತ್ತು, ಮಗಳ ಮುಖ ಉಳಿದಿರಲಿಲ್ಲ. “ನಾನು ಬಂದ ದಿನ ಬಾಗಲದಾಗ ನಿಂತು, ಯಾರು ಬೇಕಾಗಿತ್ರಿ ಅಂದ್ರು.”

ಹನ್ನೆರಡು ದಿನ. ಅಷ್ಟರೊಳಗೆ ಎರಡು ಗುರುವಾರ. ಮನಸ್ಸಿನಲ್ಲೇ ಎಣಿಸಿ ನೋಡಿದೆ, ಬೇಡವೆಂದರೂ ಎಣಿಕೆ ನಿಲ್ಲಲಿಲ್ಲ. ಹೇಳಬೇಕೆಂದು ಬಂದಿದ್ದ ಮಾತನ್ನು ಅಲ್ಲೇ ನುಂಗಿದೆ. ಅದರ ಬದಲು, “ಮಣ್ಣು ಕುರಿ ತುಳಿದ ದಿನಾನೇ ಗಟ್ಟಿ ಇತ್ತು ಮೇಡಂ. ನಾನು ಬೇಕಂತ ಸಹಿ ಮಾಡಲಿಲ್ಲ” ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಗೊತ್ತದ” ಎಂದರು. “ನಾನೂ ಇಂಜಿನಿಯರೇ ಅದೀನ್ರಿ. ಹಾರಿ ಪುಟದ ಸಪ್ಪಳ ನನಗೂ ಕೇಳ್ತದ. ನಿಮ್ಮ ಮ್ಯಾಲಿನವರಿಗೆ ಒಂದು ಪತ್ರ ಬರದಿದ್ರ ಎರಡು ದಿನದಾಗ ಸಹಿ ಆಗ್ತಿತ್ತು. ಬರದು ಬ್ಯಾಗಿನಾಗ ಇಟ್ಕೊಂಡಿದ್ದೆ.”

“ಮತ್ಯಾಕ ಕೊಡಲಿಲ್ಲ?”

ಅವರು ಗೇಟಿನ ಚಿಲಕದ ಮೇಲೆ ಕೈಯಿಟ್ಟು ರಸ್ತೆಯ ಕಡೆ ನೋಡಿದರು. “ಗುರುವಾರ ಬರ್ತಿತ್ತಲ್ರೀ” ಎಂದರು. “ಇನ್ನೊಂದು ಆಗಲಿ, ಇನ್ನೊಂದು ಆಗಲಿ ಅಂತ ನಾನೂ ಅಂದ್ಕೊಂಡೆ. ಅಪ್ಪ ಕಾಯ್ತಾರ ಅಂತ ಗೊತ್ತಿದ್ದೂ.”

ಹತ್ತು ವರ್ಷ ಬೇಡಿಕೊಂಡರೂ ಸಿಗದ ಮಾತು ನನಗೆ ಆ ಗೇಟಿನಲ್ಲಿ ಸಿಕ್ಕಿತು. ಕೈಚಾಚಲು ಬರುವ ಹಾಗಿರಲಿಲ್ಲ. ಒಳಗಿನಿಂದ ಹಿರಿಯರ ದನಿ ಕೇಳಿಸಿತು, ಗಾಡಿ ಬಂತೇನು ಎಂದು ಅತ್ತೆಯನ್ನು ಕೇಳುತ್ತಿದ್ದರು. ಅವರು ಆ ಕಡೆ ಒಮ್ಮೆ ನೋಡಿ, ಬಹಳ ಮೆಲ್ಲಗೆ ಹೇಳಿದರು.

“ನೀವು ಮತ್ತ ಬಂದ್ರ ಬ್ಯಾಡ ಅನ್ನಾಕ ನನಗ ಆಗಂಗಿಲ್ಲ. ಅವರ ಮುಂದ ನಿಮ್ಮ ಜೋಡಿ ನಕ್ಕೊಂತ ಕುಂದ್ರಾಕೂ ಆಗಂಗಿಲ್ಲ. ಅದಕ್ಕ ನೀವೇ ಬರಬ್ಯಾಡ್ರಿ.”

ಆ ವರ್ಷವೇ ವರ್ಗ ಕೇಳಿಕೊಂಡು ದೇವದುರ್ಗಕ್ಕೆ ಬಂದೆ, ಡ್ರೈವರೂ ನನ್ನ ಹಿಂದೆಯೇ ವರ್ಗ ಮಾಡಿಸಿಕೊಂಡು ಬಂದ. ತಿಂಗಳಿಗೊಮ್ಮೆ ರಾಯಚೂರಿನಲ್ಲಿ ಸಭೆ ಇರುತ್ತದೆ. ಮುಗಿದ ಮೇಲೆ ಕೋಟೆಯ ಕಡೆ ತಿರುಗುವ ಸರ್ಕಲ್ಲಿನಲ್ಲಿ ಡ್ರೈವರ್ ಏನೂ ಕೇಳದೆ ಗಾಡಿಯ ವೇಗ ಇಳಿಸುತ್ತಾನೆ. ಹೋಗಬೇಕೆನಿಸದ ತಿಂಗಳು ಒಂದೂ ಇಲ್ಲ. ಸೀದಾ ಹೊಡಿ ಎನ್ನುತ್ತೇನೆ.